ಪಂಕ್ತಿಯಲ್ಲಿ ಸಿಕ್ಕ ಆಟಗಾರ್ತಿಯರು

ಬೈಲಹೊಂಗಲದ ಹೆಣ್ಣುಮಕ್ಕಳ ಹೈಸ್ಕೂಲಿಗೆ ನಿಂಗರಾಜ ಅತಿಥಿ ದೈಹಿಕ ಶಿಕ್ಷಕನಾಗಿ ಬಂದು ಎರಡು ವರ್ಷವಾಗಿತ್ತು. ಅವನ ಸಂಬಳವೂ ಅತಿಥಿಯಂತೆಯೇ, ಬಂದಾಗ ಬಂತು. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದೇನೆಂದು ಅರ್ಜಿಯಲ್ಲಿ ಬರೆದಿದ್ದ. ಮೂರು ವರ್ಷ ಬೆಂಚಿನ ಮೇಲೆ ಕೂತು ಬೇರೆಯವರ ಟವೆಲ್ ಕಾದದ್ದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ. ಇಲ್ಲಿ ಅವನು ಕೋಚ್ ರಾಜೇಶ್ವರಿ ಅಕ್ಕೋರ ಕೈಕೆಳಗೆ.

ಚಚಡಿಯ ಒಕ್ಕಲು ಮನೆತನದ ಅಕ್ಕೋರು ಇಪ್ಪತ್ತೊಂಬತ್ತು ವರ್ಷದಿಂದ ತಂಡ ಕಟ್ಟುತ್ತಿದ್ದಾರೆ. ಆರು ವರ್ಷದಿಂದ ಜಿಲ್ಲಾ ಕಪ್ ಊರು ಬಿಟ್ಟು ಹೋಗಿಲ್ಲ. ಬೇರೆ ಕೋಚುಗಳು ಎತ್ತರದ ಹುಡುಗಿಯರನ್ನು ಹುಡುಕಿದರೆ ಅಕ್ಕೋರು ಊಟದ ಪಂಕ್ತಿಗೆ ಹೋಗುತ್ತಾರೆ. ದಾಸೋಹವಿರಲಿ, ಮದುವೆಯಿರಲಿ, ಕೊನೆಯ ಸಾಲಿನಲ್ಲಿ ಕೂತು ಬಡಿಸುವ ಹುಡುಗಿಯರ ಕಣ್ಣು ನೋಡುತ್ತಾರೆ.

"ಆ ರೊಟ್ಟಿ ಬುಟ್ಟಿ ಹಿಡದಾಕೀನ ನೋಡು," ಎಂದು ಕಟಕೋಳದ ಮದುವೆಯೊಂದರಲ್ಲಿ ನಿಂಗರಾಜನ ಮೊಣಕೈ ತಿವಿದಿದ್ದರು. "ಯಾರೂ ಕರದಿಲ್ಲ. ಆ ಮೂಲ್ಯಾಗಿನ ಮುದುಕನ ತಾಟ ಖಾಲಿ ಆಗಿದ್ದು ಅಕಿಗೆ ಹೆಂಗ ಗೊತ್ತಾತು?"

"ನಾನೂ ಖಾಲಿ ಕುಂತೇನ್ರಿ ಅಕ್ಕೋರ. ನನ್ನ ಕಡೆ ಬರವಲ್ಲಳಲ್ರಿ."

"ನಿನಗ ನಾಕ ಸಲ ನೀಡ್ಯಾಳ. ಅದೂ ಅಕಿಗೆ ಗೊತ್ತೈತಿ."

ಆ ಹುಡುಗಿಯೇ ಉಮಾಶ್ರೀ. ಅವಳ ಅಪ್ಪನನ್ನು ಒಪ್ಪಿಸಿ ತಂದು ಒಂದೂವರೆ ವರ್ಷ ಕಲಿಸಿದರು. ಅವಳು ಎತ್ತಲೋ ನೋಡುತ್ತಿದ್ದರೂ ಚೆಂಡು ಮಾತ್ರ ಖಾಲಿ ನಿಂತವಳ ಕೈಗೇ ಹೋಗಿ ಬೀಳುತ್ತಿತ್ತು. ಹೆಚ್ಚಿನ ಸಲ ಆ ಕೈ ಅವಳ ಗೆಳತಿ ಮಧುವಿನದು.

ಈ ವರ್ಷ ಜಿಲ್ಲಾ ಫೈನಲ್ ರಾಮದುರ್ಗದಲ್ಲಿ. ಕ್ರೀಡಾ ಹಾಸ್ಟೆಲ್ಲಿಗೆ ಹುಡುಗಿಯರನ್ನು ಆರಿಸುವವರೂ ಬಂದಿದ್ದರು. ಉಮಾಶ್ರೀಗೆ ಅದೊಂದೇ ಆಸೆ. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತಿತ್ತು.

ಪಂದ್ಯಕ್ಕೆ ಮೊದಲು, ಚಹಾ ಕುಡಿಯುವಾಗ, ಆಯ್ಕೆ ಸಮಿತಿಯವರೊಬ್ಬರು ನಿಂಗರಾಜನಿಗೆ ಅಂದರು: "ನಿಮ್ಮ ಹುಡುಗಿ ಪಾಸ್ ಭಾಳ ಛಲೋ ಕೊಡ್ತಾಳ. ಆದ್ರ ತಾ ರಿಂಗಿಗೆ ಒಗಿಯೂದ ಇಲ್ಲಲ್ರಿ. ಅಕ್ಕೋರ ಹುಡುಗ್ಯಾರೆಲ್ಲ ಹಿಂಗ. ಕಪ್ ಒಯ್ತಾರ, ಆರಿಸೋಣಂದ್ರ ಹೆಸರಿನ ಮುಂದ ಪಾಯಿಂಟ ಇರೂದಿಲ್ಲ."

ಇದನ್ನು ಅಕ್ಕೋರಿಗೆ ಹೇಳಲು ನಿಂಗರಾಜನಿಗೆ ಅರ್ಧ ಪಂದ್ಯ ಹಿಡಿಯಿತು. ಅವನ ಮುಂದಿನ ವರ್ಷದ ನೇಮಕಕ್ಕೆ ಅವರ ಒಂದು ಮಾತು ಬೇಕಿತ್ತು. ಅವನ ಧೈರ್ಯವೂ ಬೆಂಚಿನ ಮೇಲೆಯೇ ಬೆಳೆದದ್ದು. ವಿರಾಮದಲ್ಲಿ ಕಣ್ಣು ಮುಚ್ಚಿ ಹೇಳಿಬಿಟ್ಟ.

ಅಕ್ಕೋರು ಸಿಟ್ಟಾಗಲಿಲ್ಲ. "ನಾನೂ ಹಿಂಗ ಆಡತಿದ್ದೆ," ಎಂದರು. "ಎಲ್ಲಾರಿಗೂ ನೀಡಿ, ಉಳದ್ರ ಉಣ್ಣು ಅಂತ ನಮ್ಮವ್ವ ಕಲಿಸಿದ್ಲು. ನಾ ಅದನ್ನ ಇವರಿಗೆ ಕಲಿಸೀನಿ."

ಉಮಾಶ್ರೀಯನ್ನು ಕರೆದರು. "ಇನ್ನ ನೀನ ಒಗಿ."

"ಮಧು ಖಾಲಿ ಇದ್ರರಿ?"

"ಇರಲಿ."

"ತಪ್ಪಿದ್ರರಿ?"

"ಮತ್ತ ಒಗಿ."

"ಸೋತ್ರರಿ?"

ಅಕ್ಕೋರು ಕೋರ್ಟಿನತ್ತ ನೋಡಿದರು. "ಸೋಲೂಣು."

ಮೊದಲ ಮೂರು ಹೊಡೆತ ತಪ್ಪಿದವು. ನಾಲ್ಕನೆಯದು ರಿಂಗಿನೊಳಗೆ ಬಿದ್ದಾಗ ಉಮಾಶ್ರೀ ಅಡುಗೆಮನೆಯಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. ಆಮೇಲೆ ತಗ್ಗಿಸಲಿಲ್ಲ. ಹನ್ನೆರಡು ಪಾಯಿಂಟ್ ಹಾಕಿದಳು. ಕೊನೆಯ ಗಳಿಗೆಯಲ್ಲಿ ಒಂದು ಪಾಯಿಂಟ್ ಹಿಂದಿದ್ದಾಗ ರಿಂಗಿನ ಕೆಳಗೆ ಮಧು ಒಬ್ಬಳೇ ನಿಂತು, "ಇಲ್ಲಿ ಕೊಡು ಉಮಾ!" ಎಂದು ಕೂಗಿದಳು. ನಿಂಗರಾಜ ಅಕ್ಕೋರ ಮುಖ ನೋಡಿದ. ಅವರ ಕಣ್ಣು ರಿಂಗಿನ ಮೇಲಿತ್ತು. ಉಮಾಶ್ರೀ ತಾನೇ ಎಸೆದಳು. ಚೆಂಡು ಕಬ್ಬಿಣಕ್ಕೆ ಬಡಿದು ಹೊರಗೆ ಬಿತ್ತು.

ಕಪ್ ಕೈತಪ್ಪಿತು. ಸಂಜೆ ಆಯ್ಕೆಯ ಪಟ್ಟಿಯಲ್ಲಿ ಉಮಾಶ್ರೀಯ ಹೆಸರಿತ್ತು. ಬಸ್ಸಿನಲ್ಲಿ ಮಧು ಅವಳ ಪಕ್ಕ ಕೂರಲಿಲ್ಲ. ಉಮಾಶ್ರೀಗೆ ಸಮಾಧಾನ ಹೇಳಲು ಅಕ್ಕೋರೂ ಹೋಗಲಿಲ್ಲ.

ಸವದತ್ತಿ ದಾಟಿದ ಮೇಲೆ ನಿಂಗರಾಜನತ್ತ ತಿರುಗಿದರು. "ಇದನ್ನ ಇಪ್ಪತ್ತ ವರ್ಷ ಮೊದಲ ಯಾಕ ಹೇಳಲಿಲ್ಲೋ ನೀ?"

"ಆಗ ನಾ ನಾಕ ವರ್ಷದಾಂವ ಇದ್ದೆರಿ."

ಅಕ್ಕೋರಿಗೆ ನಗು ಬರಲಿಲ್ಲ. "ಆಗ ನನ್ನ ಟೀಮಿನ್ಯಾಗ ಸುಚೇತಾ ಅಂತ ಒಬ್ಬಾಕಿ ಇದ್ಲು. ಈಗ ಕಿತ್ತೂರಾಗ ಅಂಗನವಾಡಿ ನಡಸ್ತಾಳ. ಸಂಜೀಮುಂದ ಎಲ್ಲಾರೂ ಹೋದಮ್ಯಾಲ ಒಬ್ಬಾಕೀನ ನಿಂತು ಒಗಿಯಾಕಿ. ಹತ್ತಕ್ಕ ಒಂಬತ್ತು ಬೀಳತಿದ್ದು."

"ಮ್ಯಾಚಿನ್ಯಾಗರಿ?"

"ಮ್ಯಾಚಿನ್ಯಾಗ ನಾ ಒಗಿಯಾಕ ಬಿಡಲಿಲ್ಲ," ಎಂದರು ಅಕ್ಕೋರು.