ನಿಂಬೆ ಪಾತಿಗೆ ಬಿದ್ದ ಉಪ್ಪು

ಹೊನ್ನವಳ್ಳಿಗೆ ಸೊಸೆಯಾಗಿ ಬಂದ ಮೇಲೆ ಆ ತೋಟದಲ್ಲಿ ನನ್ನದು ಅಂತ ಇದ್ದದ್ದು ಬದುವಿನ ಪಕ್ಕದ ಒಂದು ಸಾಲು ನಿಂಬೆ ಗಿಡ ಮಾತ್ರ. ನಾನೇ ನೆಟ್ಟು ಬೆಳೆಸಿದ್ದು. ಮಿಕ್ಕದ್ದೆಲ್ಲ ತೆಂಗು, ಮಾವನವರದ್ದು. ತೆಂಗಿನ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ. ನಿಂಬೆ ವಿಷಯದಲ್ಲಿ ನಾನೂ ಜಗಮೊಂಡಿ.

ಈಚೆಗೊಂದು ವರ್ಷ ಕಾಯಿಗಳು ಗೋಲಿ ಗಾತ್ರಕ್ಕೇ ನಿಂತು ಉದುರತೊಡಗಿದವು. ಮಣ್ಣು ಪರೀಕ್ಷೆ ಮಾಡಿಸಿದೆ. ಪೊಟ್ಯಾಷ್ ಗೊಬ್ಬರ ಸಾಲದು ಅಂದರು ಪರೀಕ್ಷೆ ಮಾಡಿದವರು. ಆದರೆ ತೆಂಗಿಗೆ ಹಾಕುವ ಕೆಂಪು ಪೊಟ್ಯಾಷ್ ಬೇಡ, ಅದರ ಕ್ಲೋರೈಡ್ ನಿಂಬೆಗೆ ಆಗಿಬರುವುದಿಲ್ಲ, ಸಲ್ಫೇಟ್ ಇರುವ ಬಿಳಿಯದನ್ನು ಆಗಾಗ ಸ್ವಲ್ಪ ಸ್ವಲ್ಪ ಕೊಡಿ ಎಂದೂ ಹೇಳಿದರು. ಊಟಕ್ಕೆ ಕೂತಾಗ, ನಿಂಬೆಗೆ ಪೊಟ್ಯಾಷ್ ಬೇಕಂತೆ ಅಂದೆ. ಮಾವ ಹೂಂ ಎಂದು ಕೈ ತೊಳೆಯಲು ಎದ್ದರು. ಉಳಿದದ್ದನ್ನು ಕೇಳುವ ತಾಳ್ಮೆ ಅವರಿಗೆಲ್ಲಿ?

ದಂಡಿನಶಿವರದ ತವರಿಗೆ ಹೋಗಿ ವಾರ ಇದ್ದು ಬರುವಷ್ಟರಲ್ಲಿ ನಿಂಬೆ ಪಾತಿಗಳ ತುಂಬ ಕೆಂಪು ಪೊಟ್ಯಾಷ್, ಮೇಲೆ ಕಲ್ಲುಪ್ಪು. ನಮ್ಮ ಕಡೆ ತೆಂಗಿಗೆ ಉಪ್ಪು ಹಾಕುವುದೆಂದರೆ ಬಾಣಂತಿಗೆ ತುಪ್ಪ ಬಡಿಸಿದ ಹಾಗೆ, ಅಕ್ಕರೆ ಇದ್ದರೆ ಇನ್ನಷ್ಟು. ಮಾವ ಸಂತೋಷದಿಂದಲೇ ತೋರಿಸಿದರು.

"ತೆಂಗಿಗೆ ಹಾಕ್ದಂಗೇ ಹಾಕಿದೀನಿ ಕಣಮ್ಮ. ಕೈ ಬಿಗಿ ಹಿಡೀಲಿಲ್ಲ."

ಎಳೆ ಎಲೆಗಳ ತುದಿ ಆಗಲೇ ಸುಟ್ಟಂತಾಗಿತ್ತು. ಹಿರಿಯರೆಂದೂ ನೋಡದೆ, ಗಿಡ ಸಾಯುತ್ತವೆ, ನಿಮ್ಮನ್ನು ಯಾರು ಕೇಳಿದ್ದರು ಅಂದುಬಿಟ್ಟೆ. ಮಾವ ಸನಿಕೆ ತಂದು ನನ್ನ ಜೊತೆಗೇ ಪಾತಿಯ ಮೇಲ್ಮಣ್ಣು ಕೆರೆದು ಆಚೆ ಹಾಕಿದರು. ಬೇರಿಗಿಳಿದ ಉಪ್ಪನ್ನು ತೊಳೆಯಲು ನೀರೊಂದೇ ದಾರಿ. ಬೇಸಿಗೆ ಬೇರೆ, ಬೋರಿನಲ್ಲಿ ನೀರು ಬೆರಳು ಗಾತ್ರ ಬರುತ್ತಿತ್ತು. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ. ಪೈಪು ಎಳೆಯುತ್ತಿದ್ದ ಗಂಡನನ್ನು ನೋಡಿ ಅತ್ತೆ, ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಛೇಡಿಸಿದರು. ನನಗೆ ನಗು ಬರಲಿಲ್ಲ.

ಮೂಲೆಯ ಗಿಡ ಪೂರ್ತಿ ಬೋಳಾಯಿತು. ಉಳಿದವೂ ದಿನಾ ಎಲೆ ಉದುರಿಸುತ್ತಿದ್ದವು, ಆದರೆ ಬುಡದಲ್ಲಿ ಎಲೆ ಕಾಣುತ್ತಿರಲಿಲ್ಲ. ನಾನು ಏಳುವ ಮೊದಲೇ ಮಾವ ಹೋಗಿ ಆರಿಸಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದರಂತೆ. ಅತ್ತೆ ಹೇಳಿದ ಮೇಲೆ ತಿಳಿಯಿತು.

ಒಂದು ಮಧ್ಯಾಹ್ನ ಕರೆಂಟು ಬಂದು ಬಹಳ ಹೊತ್ತಾಗಿದೆ ಎಂದು ತಿಳಿದು ತೋಟಕ್ಕೆ ಓಡಿದೆ. ನಿಂಬೆ ಪಾತಿಗಳು ತುಂಬಿ ಹರಿಯುತ್ತಿದ್ದವು. ಆಚೆ ತೆಂಗಿನ ಪಾತಿಗಳು ಒಣಗಿ ಬಾಯಿ ಬಿಟ್ಟಿದ್ದವು, ಬುಡದಲ್ಲೆಲ್ಲ ಎಳೆಗಾಯಿ ಉದುರಿ ಬಿದ್ದಿತ್ತು. ಅಷ್ಟು ದಿನವೂ ಮಾವ ತೆಂಗಿಗೆ ಒಂದು ಹನಿಯೂ ಬಿಟ್ಟಿರಲಿಲ್ಲ. ನೀರಿನ ಗೇಟ್‌ವಾಲ್ ತೆಂಗಿನ ಕಡೆ ತಿರುಗಿಸಲು ಬಗ್ಗಿದೆ. ಮಾವ ಬಂದು ಅದರ ಮೇಲೆ ಕೈಯಿಟ್ಟರು.

"ಬುಡಮ್ಮ, ತೆಂಗು ನಂದು, ತಡ್ಕಂತದೆ. ಇದು ನಿಂದು."