ನೆರೆಯವರ ಸೊಪ್ಪು

ಅತ್ತೆಯ ಬಲ ಹೆಬ್ಬೆರಳ ಉಗುರು ಹಸಿರುಗಪ್ಪಾಗಿ, ಕುಡುಗೋಲಿನ ಮೊನೆಯಂತೆ ಬೆಳೆದಿರುತ್ತಿತ್ತು. ಹಿಪ್ಪುನೇರಳೆ ಸೊಪ್ಪನ್ನು ಅದರಿಂದಲೇ ಚಿವುಟುತ್ತಿದ್ದಳು. ಬಲಗೈಯೋ ಎಡಗೈಯೋ, ಈಗ ಖಚಿತವಾಗಿ ಹೇಳಲಾರೆ.

ಅವಳು ಅಪ್ಪನ ಅಕ್ಕ. ಜಂಗಮಕೋಟೆಯ ಹತ್ತಿರ ಒಬ್ಬಳೇ ರೇಷ್ಮೆಹುಳು ಸಾಕಿಕೊಂಡಿದ್ದಳು. ಐವತ್ತರ ದಶಕದ ಕೊನೆಯಲ್ಲಿ, ಅರ್ಥಶಾಸ್ತ್ರ ಓದುತ್ತಿದ್ದ ನಾನು ರಜೆಗೆ ಹೋದರೆ ಹುಳುವಿನ ಮನೆಯ ಹೊಸಿಲಲ್ಲೇ ತಡೆಯುತ್ತಿದ್ದಳು. "ಸಿಗರೇಟು ವಾಸ್ನೆ ಬರ್ತೈತೆ. ಕಾಲೇಜ್ನಲ್ಲಿ ಇದನ್ನೇ ಕಲಿಸ್ತಾರೇನಪ್ಪ? ಆಚೆ ನಿಂತ್ಕೋ, ನನ್ನ ಹುಳ ಸಾಯ್ತವೆ."

ಒಂದು ವರ್ಷ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಬೆಲೆ ಬಿತ್ತು. ಊರಿನವರು ಒಬ್ಬರ ಹಿಂದೊಬ್ಬರು ಹಿಪ್ಪುನೇರಳೆ ಕಿತ್ತು ಕಡಲೇಕಾಯಿ ಹಾಕಿದರು. ಹುಳು ಬಿಟ್ಟರೆ ಬೇರೆ ಬದುಕಿಲ್ಲದ ಅತ್ತೆ ಕೀಳಲಿಲ್ಲ.

"ಎಲ್ಲಾರೂ ಬಿಟ್ಮೇಲೆ ಇರೋದು ನಂದೇ ಗೂಡು ಕಣೋ. ನೂಲು ತೆಗ್ಯೋರು ಮನೆ ಬಾಗ್ಲಿಗೇ ಬರ್ತಾರೆ."

ನನ್ನ ಪುಸ್ತಕಗಳೂ ಅದನ್ನೇ ಹೇಳುತ್ತಿದ್ದವು. ಪಕ್ಕದ ಹೊಲದವನು ಮಾತ್ರ ಬೇಲಿಯಾಚೆಯಿಂದ ನಕ್ಕ. "ಏನಕ್ಕಾ, ಆ ಸೊಪ್ಪನ್ನ ಸಾರಿಗೆ ಹಾಕ್ತೀಯಾ?"

ಹುಳು ಪೊರೆ ಬಿಡುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಯಾರ ತೋಟವೂ ಸಾಲುವುದಿಲ್ಲ. ಆಗ ನೆರೆಯವರ ಸೊಪ್ಪು ತರುವುದು, ಅವರ ಹುಳು ಎದ್ದಾಗ ತಿರುಗಿ ಕೊಡುವುದು ರೂಢಿ. ಈ ಸಲ ಸುತ್ತಲೂ ಕಡಲೇಕಾಯಿ ಗಿಡ. ಅತ್ತೆ ಊರೂರು ಅಲೆದು ಬರಿಗೈಯಲ್ಲಿ ಬಂದಳು, ಹುಳುಗಳನ್ನು ಗುಂಡಿಗೆ ಸುರಿದಳು. ಆಮೇಲೆ ತಾನೂ ಗಿಡ ಕಿತ್ತಳು. ಬಾವಿಯ ಬಳಿ ಒಂದು ಸಾಲು ಉಳಿಯಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತೇ? ಇರಬಹುದು. ಕಾರಣಗಳನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳುವ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಬೆಲೆ ಮತ್ತೆ ಏರಿತು. ನೆಡಲು ಕಡ್ಡಿ ಕೇಳಿಕೊಂಡು ಮೊದಲು ಬಂದವನು ಆ ಪಕ್ಕದವನೇ. ಅತ್ತೆ ಬಾವಿಯ ಬಳಿ ಉಳಿದಿದ್ದ ಸಾಲನ್ನೆಲ್ಲ ಕತ್ತರಿಸಿ ಹೊರೆ ಕಟ್ಟಿ ಕೊಟ್ಟಳು. ನಾನು ರೇಗಿದೆ.

"ಅವನ ತೋಟ ಇಲ್ದೆ ನನ್ನ ತೋಟ ಇಟ್ಕೊಂಡು ಏನ್ ಮಾಡ್ಲಪ್ಪ? ಅವಂದು ಚಿಗುರ್ಲಿ. ಅದ್ರಿಂದ್ಲೇ ಕಡ್ಡಿ ತಂದು ನಂದು ನೆಡ್ತೀನಿ."

ಬಡ ದೇಶಗಳಲ್ಲಿ ವ್ಯಾಪಾರ ಏಕೆ ಏರುತ್ತದೆ, ಏಕೆ ಕುಸಿಯುತ್ತದೆ ಎಂದು ಮುಂದೆ ತರಗತಿಗಳಲ್ಲಿ ಪಾಠ ಹೇಳುವಾಗ ಮಳೆ, ಆಮದು, ಸರ್ಕಾರ ಎಂದೆಲ್ಲ ಕಾರಣ ಕೊಟ್ಟಿದ್ದೇನೆ. ಒಬ್ಬರು ಬಿಟ್ಟದ್ದು ಇನ್ನೊಬ್ಬರನ್ನೂ ಬಿಡಿಸುತ್ತದೆ ಎಂಬುದನ್ನು ಕಂಡದ್ದು ಅತ್ತೆಯ ಮನೆಯಲ್ಲಿ.

ಅರವತ್ತರ ದಶಕದಲ್ಲಿ ಅವಳು ತೀರಿಕೊಂಡಾಗ ಹುಳು ನಾಲ್ಕನೇ ಜ್ವರದಿಂದ ಆಗಷ್ಟೇ ಎದ್ದಿತ್ತು. ನಾವು ಮಣ್ಣು ಮಾಡಿ ಬರುವಷ್ಟರಲ್ಲಿ ಪಕ್ಕದವನ ಹೆಂಡತಿ ತನ್ನ ತೋಟದ ಸೊಪ್ಪನ್ನು ಹುಳುವಿನ ತಟ್ಟೆಗಳಿಗೆ ಹಾಸುತ್ತಿದ್ದಳು. ಕಣ್ಣು ಊದಿತ್ತು.

"ಅಳೋದು ಆಮೇಲೆ ಅಳಣ," ಎಂದಳು, "ಇವು ಕಾಯೋದಿಲ್ಲ."