ತಮ್ಮನ ಬೂಟಿನ ಮಣ್ಣು

ತಮ್ಮನ ಬಿಳಿ ಕ್ಯಾನ್ವಾಸ್ ಬೂಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸಲು ಕುಳಿತಿದ್ದೆ. ಅವನು ತೀರಿಕೊಂಡು ತಿಂಗಳಾಗಿತ್ತು. ಬಾದಾಮಿಯ ವಾಲಿಬಾಲ್ ಪಂದ್ಯಕ್ಕೆ ಅವುಗಳನ್ನು ಕೇಳಲು ಬಂದಿದ್ದ ಅವನ ಗೆಳೆಯ ರಸೂಲ್ ಗಾಬರಿಯಿಂದ ತಡೆದ.

“ನೀರ ಹಚ್ಚಬ್ಯಾಡ್ರಿ ಅಕ್ಕಾ! ಎರಿಮಣ್ಣು ರಾಡಿ ಆಗತೈತಿ. ಒಣಗಿದ್ದು ಬಡದ್ರ ತಾನ ಉದರತೈತಿ. ನಿಮ್ಮ ತಮ್ಮ ನನಗ ಬೈದು ಬೈದು ಕಲಿಸ್ಯಾನ್ರಿ.”

ಎರಡೂ ಬೂಟುಗಳನ್ನು ಒಂದಕ್ಕೊಂದು ಬಡಿದ. ಇಳಕಲ್ಲಿನ ಮೈದಾನದ ಕಪ್ಪು ಮಣ್ಣು ಅಂಗಳಕ್ಕೆ ಉದುರಿತು. ಅದು ತಮ್ಮನ ಕೊನೆಯ ಆಟದ ಮಣ್ಣು ಎಂದು ನನಗೆ ಆಗಲೇ ಹೊಳೆದದ್ದು. ಸಾಕು ಬಿಡೋ ಅನ್ನಬೇಕೆನಿಸಿತು; ಅಷ್ಟರಲ್ಲಿ ಅವನು ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡಿದ್ದ.

ಸೋಮವಾರ ಬೂಟುಗಳು ಮರಳಿ ಬಂದವು, ಮೈತುಂಬ ಬಾದಾಮಿಯ ಕೆಂಪು ಮಣ್ಣು. ಸ್ವಚ್ಛ ಮಾಡಿಕೊಡುತ್ತೇನೆಂದು ರಸೂಲ್ ಅಂದ. “ಇರಲಿ ಬಿಡೋ, ನಾ ಮಾಡ್ತೇನಿ” ಎಂದು ಇಸಿದುಕೊಂಡೆ. ನೀರು ಮುಟ್ಟಿಸದೆ, ಒಣಗಲೆಂದು ಕಟ್ಟೆಯ ಬಿಸಿಲಿಗಿಟ್ಟೆ.